ಮದ್ರಾಸಿಗೆ ಒಂದೂವರೆ ಗಂಟೆ

ಬೆಂಗಳೂರಿನಿಂದ ಮದ್ರಾಸಿಗೆ ಇನ್ನೂರು ಮೈಲಿಗೆ ತುಸು ಕಡಿಮೆ. ವಿಮಾನದಲ್ಲಿ ಒಂದೂವರೆ ಗಂಟೆ. ಇಷ್ಟು ಹೇಳಿದ್ದಕ್ಕೆ ನನಗೆ ಹೆಣ್ಣು ತಪ್ಪಿತು. ನಾನು ನಿಜ ಹೇಳುತ್ತಿದ್ದದ್ದೇ ಅಪರೂಪ, ಹೇಳಿದ ದಿನ ಹೀಗಾಯಿತು.

ಆಗ ನಾನು ಕೊಳ್ಳೇಗಾಲದ ಒಬ್ಬ ರೇಷ್ಮೆ ಸೀರೆ ಸಾಹುಕಾರರ ಅಂಗಡಿಯಲ್ಲಿದ್ದೆ. ಮದ್ರಾಸಿನ ಮದುವೆ ಮನೆಯೊಂದಕ್ಕೆ ಮರುದಿನವೇ ಸೀರೆ ಮುಟ್ಟಬೇಕೆಂದು ತಂತಿ ಬಂದಾಗ, ಗಂಟು ಹೊರಲು ನನ್ನನ್ನೂ ವಿಮಾನ ಹತ್ತಿಸಿದರು. ಬೆಂಗಳೂರಿನವರೆಗೆ ಬಸ್ಸಿನಲ್ಲಿ ಅರ್ಧ ದಿನ ಕುಲುಕಿದರೂ ಸಾಹುಕಾರರು ಕಮಕ್ ಕಿಮಕ್ ಎನ್ನಲಿಲ್ಲ. ವಿಮಾನ ನೆಲ ಬಿಟ್ಟಿದ್ದೇ ತಡ, ನನ್ನ ಕೈ ಹಿಡಿದು ಅತ್ತೇಬಿಟ್ಟರು: ‘ಲೇ, ಇಳಿಸು ಅನ್ಲಾ! ನಡಕಂಡೇ ಓಯ್ತೀನಿ ಅನ್ಲಾ!’ ನಾನೂ ಕಣ್ಣು ಮುಚ್ಚಿ ನಡುಗುತ್ತಿದ್ದೆ, ಆದರೆ ಕಿವಿ ತೆರೆದಿತ್ತು. ಊರಿಗೆ ಬಂದವನೇ ಮಗ್ಗದ ಮನೆಗಳಲ್ಲೆಲ್ಲ ಆ ಅಳುವನ್ನು ಮಾಡಿ ತೋರಿಸಿದೆ. ನೇಯುವವರು ಲಾಳಿ ಬಿಟ್ಟು ನಕ್ಕರು. ಒಂದು ದಿನ ಬಾಗಿಲಲ್ಲಿ ನಿಂತು ಸಾಹುಕಾರರೂ ನೋಡಿದರು, ನಕ್ಕರು. ದೊಡ್ಡ ಮನಸ್ಸು ಎಂದುಕೊಂಡೆ.

ನನಗೆ ಅಪ್ಪ ಇರಲಿಲ್ಲ. ಬಂಡಳ್ಳಿಗೆ ಹೆಣ್ಣು ನೋಡಲು ಹೋದಾಗ ಹಿರಿಯರಾಗಿ ಬಂದವರು ಸಾಹುಕಾರರೇ. ಹುಡುಗಿ ಹಾಲು ಕೊಟ್ಟು ಬಾಗಿಲ ಮರೆಗೆ ಹೋದಳು. ನನ್ನ ಸೊಟ್ಟ ಮೂಗನ್ನು ನೋಡಿದ ಮೇಲೂ ಮುಖ ತಿರುಗಿಸಲಿಲ್ಲ. ಇವಳೇ ಬೇಕು ಎನಿಸಲು ನನಗೆ ಅಷ್ಟು ಸಾಕಾಯಿತು.

ಅವಳ ಅಪ್ಪ ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ‘ನೀನು ಬಾಯ್ಬುಟ್ರೆ ಅಣಕ, ಸುಳ್ಳು ಅಂತಾರೆ. ಸುಳ್ಗಾರ ಅಳಿಯ ನಂಗೆ ಬ್ಯಾಡ. ಇಮಾನದಲ್ಲಿ ಓಗಿದ್ದೆ ಅಂತ ಏಳ್ಕಂಡು ತಿರುಗ್ತೀಯಂತೆ. ಮದ್ರಾಸ್ಗೆ ಎಷ್ಟೊತ್ತಾಯ್ತು? ದಿಟ ಏಳು.’

‘ಒಂದೂವರೆ ಗಂಟೆ, ಮಾವ.’

‘ಇನ್ನೂ ಮಾವ ಆಗಿಲ್ಲ ಕಣಪ್ಪ. ನಾನು ಗಾಡಿ ಕಟ್ಕಂಡು ಕೊಳ್ಳೇಗಾಲಕ್ಕೆ ಓದ್ರೇ ಮದ್ಯಾನ ಆಯ್ತದೆ. ಮದ್ರಾಸು ಒಂದೂವರೆ ಗಂಟೆಯಾ?’

‘ದಿಟ ಕಣ್ರಿ. ಸಾವ್ಕಾರ್ರೂ ಪಕ್ಕದಲ್ಲೇ ಕೂತಿದ್ರು, ಕೇಳಿ ಬೇಕಾದ್ರೆ.’

ಸಾಹುಕಾರರು ಲೋಟ ಕೆಳಗಿಟ್ಟು, ಮೀಸೆಯ ಮೇಲಿನ ಹಾಲು ಒರೆಸಿಕೊಂಡರು.

‘ಯಾವ ಇಮಾನ, ಗೌಡ್ರೇ? ನಾವು ಓಗಿದ್ದು ರೈಲಲ್ಲಿ. ರಾತ್ರಿಯೆಲ್ಲಾ ಆಯ್ತು.’

ನಾನು ಮಾದಪ್ಪನ ಮೇಲೆ ಆಣೆ ಇಟ್ಟೆ. ಬೆಟ್ಟದ ಕಡೆ ತಿರುಗಿ ಕೈ ಮುಗಿದೆ. ಹುಡುಗಿಯ ಅಣ್ಣ ತೊಡೆ ತಟ್ಟಿಕೊಂಡ: ‘ನೋಡಪ್ಪೋ, ಆಣೆ ಇಕ್ಕೋದ್ನೂ ಎಷ್ಟ್ ಚೆಂದಾಗಿ ಮಾಡ್ತಾನೆ!’

ಮನೆಯೆಲ್ಲ ನಕ್ಕಿತು. ಬಾಗಿಲ ಮರೆಯಲ್ಲಿ ಅವಳೂ ನಕ್ಕಳು.

ವಾಪಸು ಬರುವಾಗ ಗಾಡಿಯಲ್ಲಿ ಸಾಹುಕಾರರು ಎಲೆಗೆ ಸುಣ್ಣ ಸವರಿ, ಮಡಿಸಿ, ನನ್ನ ಕೈಗೇ ಇಟ್ಟರು. ‘ನಿನ್ ಕೆಲ್ಸ ನಾನೂ ಒಂದ್ ಕಿತ ಮಾಡಿ ನೋಡ್ದೆ ಕಣ್ಲಾ. ಎಂಗಿತ್ತು?’

ಬೆಳಗಾದರೆ ಅವರ ಅಂಗಡಿಯ ಬಾಗಿಲು ತೆಗೆಯಬೇಕಾದವನು ನಾನೇ.

‘ಚೆನ್ನಾಗಿತ್ತು ಸಾ’ ಎಂದೆ.

ಹುಡುಗಿಯನ್ನು ಆ ವರ್ಷವೇ ಯಳಂದೂರಿಗೆ ಕೊಟ್ಟರು. ಬಂಡಳ್ಳಿಯಿಂದ ಗಾಡಿಯಲ್ಲಿ ಒಂದು ಹಗಲಿನ ದಾರಿ.