ಇಪ್ಪತ್ತೆರಡು ಮೊಳೆ

ಸೋಫಾ ಕೆಲಸದವನ ಬಾಯಿಗೆ ಬಿಡುವಿಲ್ಲ. ಮಾತಾಡಿ ಅಲ್ಲ, ಮೊಳೆ ತುಂಬಿಕೊಂಡು. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ಹಿಡಿಯಲು ದೇವರು ಮೂರನೇ ಕೈ ಕೊಟ್ಟಿಲ್ಲ. ಅದಕ್ಕೇ ಹತ್ತು ಹದಿನೈದು ಸಣ್ಣ ಮೊಳೆಗಳನ್ನು ಬಾಯಿಗೆ ಸುರಿದುಕೊಂಡು, ನಾಲಿಗೆಯಲ್ಲೇ ಒಂದೊಂದನ್ನು ತಿರುಗಿಸಿ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಕಚ್ಚಿಸಿ ಹೊಡೆಯುವುದು. ನಮ್ಮ ಮೇಸ್ತ್ರಿ ನಲವತ್ತು ವರ್ಷದಿಂದ ಇದೇ ಮಾಡಿಕೊಂಡು ಬಂದವನು. ಬೀದಿಯವರು ಅವನನ್ನು ಮೊಳೆಬಾಯಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಬಾಯಿ ತುಂಬ ಮೊಳೆ ಇದ್ದರೆ ಸಿಗರೇಟು ಎಲ್ಲಿಡುವುದು? ಅದಕ್ಕೊಬ್ಬ ಸಿಕ್ಕಿದ್ದ, ಹೆಂಡತಿಯ ತಮ್ಮ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಹನ್ನೆರಡನೇ ವಯಸ್ಸಿಗೆ ಅಕ್ಕನ ಮನೆ ಸೇರಿದವನು. ಕಡ್ಡಿಯಂಥ ಮೈ, ಹೊಲಿಗೆಯಲ್ಲಿ ಮಾತ್ರ ಅಸಾಧ್ಯ ಕೈ. ಸೂಜಿ ಎಂದು ಹೆಸರಿಟ್ಟವನು ಮೇಸ್ತ್ರಿಯೇ. "ಒಂಚೂರು ಹಿಡ್ಕೊಳೋ" ಎಂದು ಉರಿಯುತ್ತಿರುವ ಸಿಗರೇಟನ್ನು ಅವನ ಕೈಗೆ ಕೊಟ್ಟು ಕೆಲಸಕ್ಕೆ ಬಗ್ಗುತ್ತಿದ್ದ. ಒಂದು ಸಾಲು ಮೊಳೆ ಹೊಡೆದು ತಿರುಗಿದರೆ ಸಿಗರೇಟು ಅರ್ಧ ಬೆರಳು ಕಮ್ಮಿ. ಗಾಳಿಗೆ ಉರಿದುಹೋಯಿತು ಅಂದುಕೊಂಡ. ಸುಳ್ಳು ಯಾಕೆ, ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ನಕ್ಕು ಸುಮ್ಮನಾದ. ಆ ನಗು ಮುಂದೆ ಅವನನ್ನು ತಿಂದುಹಾಕಿತು.

ಸೂಜಿಗೆ ಮೂವತ್ತಾರು ತುಂಬಿದ ವರ್ಷ ಬಲಗಾಲಿನ ಎರಡು ಬೆರಳು ಕಪ್ಪಾದವು. ಮೊದಲು ಉರಿ, ಆಮೇಲೆ ನಡೆದರೆ ನೋವು, ಕೊನೆಗೆ ಮಲಗಿದರೂ ನೋವು. ಚಪ್ಪಲಿ ಕಚ್ಚಿದೆ ಎಂದು ಎರಡು ತಿಂಗಳು ಎಣ್ಣೆ ಹಚ್ಚಿದರು. ಆಸ್ಪತ್ರೆಗೆ ಹೋದಾಗ ಬೆರಳು ಉಳಿಸುವ ಕಾಲ ದಾಟಿತ್ತು. ಎರಡನ್ನೂ ತೆಗೆದ ಡಾಕ್ಟರು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದರು. ವಯಸ್ಸಿನಲ್ಲಿ ಅವನ ಮಗಳಷ್ಟು ಚಿಕ್ಕ ಹೆಂಗಸು, ಮಾತು ಮಾತ್ರ ಕಡ್ಡಿ ತುಂಡು ಮಾಡಿದ ಹಾಗೆ.

"ಸಿಗರೇಟಿಂದ ಕಾಲಿನ ರಕ್ತನಾಳ ಮುಚ್ಚಿಕೊಳ್ತಿದೆ. ಕಮ್ಮಿ ಮಾಡೋದಲ್ಲ, ಪೂರ್ತಿ ಬಿಡಬೇಕು. ಬಿಟ್ರೆ ಕಾಲು ಉಳಿಯಬಹುದು. ಸೇದಿದ್ರೆ ಹೋಗುತ್ತೆ."

ಕಾಲು ಹೋದರೆ ಸೂಜಿಯ ಕೆಲಸವೂ ಹೋಯಿತು. ಅವನ ಹೊಲಿಗೆ ಮಿಷಿನ್ ತುಳಿಯುವಂಥದ್ದು, ತುಳಿಯುವುದು ಬಲಗಾಲಿನಿಂದಲೇ. ಆಸ್ಪತ್ರೆಯ ಕಾರಿಡಾರಿನಲ್ಲಿ ಮೇಸ್ತ್ರಿಯ ಹೆಂಡತಿ ಅಳಲಿಲ್ಲ. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಗಂಡನ ಮುಂದೆ ನಿಂತಳು.

"ಅವನಿಗೆ ಕಲಿಸಿದ್ದು ನೀವು ರೀ. ಬಿಡಿಸೋದೂ ನೀವೇ."

"ಬಿಡಿಸ್ತೀನಿ" ಎಂದ ಮೇಸ್ತ್ರಿ. ಆಮೇಲೆ ಒಳಗೆ ಹೋಗಿ ಸೂಜಿಯ ಮಂಚದ ಹತ್ತಿರ ಕೂತು, "ನಾನೂ ಬಿಡ್ತೀನಿ ಕಣೋ, ಇಬ್ಬರೂ ಒಟ್ಟಿಗೆ" ಎಂದ.

ಸೂಜಿ ಆ ನೋವಲ್ಲೂ ನಕ್ಕ. "ನೀನಾ ಭಾವ? ನೀನು ಬಿಟ್ರೆ ಸಿಗರೇಟು ಕಂಪನಿ ಬಾಗಿಲು ಹಾಕುತ್ತೆ."

ಬಿಡಲು ಶುರು ಮಾಡಿದ ದಿನ ಅಂಗಡಿಯಲ್ಲಿ ಒಂದು ಮೂರು ಸೀಟಿನ ಸೋಫಾ ಮುಗಿಯುತ್ತ ಬಂದಿತ್ತು. ಒಬ್ಬ ನಿವೃತ್ತ ಟೀಚರಮ್ಮನದು. ಸೋಫಾದ ಎಡಗಡೆಯ ಕೈಯ ಮುಂಭಾಗಕ್ಕೆ ಗುಂಡು ತಲೆಯ ಹಿತ್ತಾಳೆ ಮೊಳೆ ಹೊಡೆಯುವುದೊಂದು ಬಾಕಿ. ಇಬ್ಬರ ಜೇಬಿನಲ್ಲೂ ಒಂದೊಂದು ಪ್ಯಾಕೆಟ್ ಇತ್ತು. ಸೂಜಿಯದರಲ್ಲಿ ಒಂಬತ್ತು, ಮೇಸ್ತ್ರಿಯದರಲ್ಲಿ ಹನ್ನೊಂದು. ಚರಂಡಿಗೆ ಎಸೆದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೇಸ್ತ್ರಿಗೆ ಒಂದು ಯೋಚನೆ ಹೊಳೆಯಿತು. ಎರಡನ್ನೂ ಸೋಫಾದ ಟೊಳ್ಳು ಕೈಯೊಳಗೆ ಹಾಕಿ, ಮೇಲೆ ಹತ್ತಿ ತುಂಬಿ, ಬಟ್ಟೆ ಎಳೆದು ಇಪ್ಪತ್ತೆರಡು ಮೊಳೆ ಹೊಡೆದುಬಿಟ್ಟ.

"ನಾಡಿದ್ದು ಟೀಚರಮ್ಮ ಸೋಫಾ ತಗೊಂಡು ಹೋಗ್ತಾರೆ. ಜೊತೆಗೆ ನಮ್ಮ ಚಟಾನೂ ಹೋಗುತ್ತೆ" ಎಂದ.

ಮನೆಯಲ್ಲಿ ಹೆಂಡತಿ ಕೇಳಿದಾಗ ಎಸೆದಾಯಿತು ಎಂದ. ತಮಾಷೆಗೆ ಮಾಡಿದ್ದು ಎಂದು ಅವನೇ ನಂಬಿದ್ದ. ನನ್ನನ್ನು ಕೇಳಿದರೆ ಎಸೆಯಲು ಮನಸ್ಸು ಬರಲಿಲ್ಲ, ಅಷ್ಟೇ. ನಲವತ್ತು ವರ್ಷ ಜೊತೆಗಿದ್ದದ್ದನ್ನು ಕಣ್ಣೆದುರೇ ನೀರಿಗೆ ಹಾಕುವುದು ಎಲ್ಲರ ಕೈಲಾಗುವ ಕೆಲಸವಲ್ಲ.

ಹೇಳಿದ ದಿನ ಟೀಚರಮ್ಮ ಬರಲಿಲ್ಲ, ಫೋನು ಬಂತು. ಮನೆ ಬದಲಾಯಿಸುತ್ತಿದ್ದಾರಂತೆ, ಇನ್ನೊಂದೂವರೆ ತಿಂಗಳು ಸೋಫಾ ಅಲ್ಲೇ ಇರಲಿ. ಆಗಲಾದರೂ ಬಿಚ್ಚಿ ತೆಗೆಯಬಹುದಿತ್ತು. ಆದರೆ ಬಿಚ್ಚಿದರೆ ಕೈಗೆ ಸಿಗುತ್ತದಲ್ಲ, ಮೂರನೇ ದಿನದಲ್ಲಿ ಅಷ್ಟು ಧೈರ್ಯ ಯಾರಿಗಿದೆ? ಸೋಫಾವನ್ನು ಗೋಡೆಗೆ ಒತ್ತಿ ನಿಲ್ಲಿಸಿದರು. ತಾನು ಹೊಡೆದ ಮೊಳೆಯನ್ನು ಯಾರಾದರೂ ಕಿತ್ತು ಮತ್ತೆ ಹೊಡೆದರೆ ಕತ್ತಲೆಯಲ್ಲಿ ಸವರಿದರೂ ಮೇಸ್ತ್ರಿಗೆ ತಿಳಿಯುತ್ತಿತ್ತು. ಆ ಜಂಬ ಅವನಿಗಿತ್ತು, ಸುಳ್ಳು ಜಂಬವೂ ಅಲ್ಲ. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೊಳೆಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಇಪ್ಪತ್ತೆರಡೂ ಭದ್ರ. ಸಮಾಧಾನವಾಗಿ ಕೆಲಸಕ್ಕೆ ಕೂರುತ್ತಿದ್ದ.

ಮೊದಲ ವಾರ ಇಬ್ಬರೂ ನಾಯಿಪಾಡು ಪಟ್ಟರು. ಮೇಸ್ತ್ರಿಯ ಗುರಿ ತಪ್ಪಿ ಸುತ್ತಿಗೆ ಬೆರಳ ಮೇಲೆ ಬೀಳುತ್ತಿತ್ತು. ಬೆಳಗಾದರೆ ಪಾಯಿಖಾನೆಯಲ್ಲಿ ಅರ್ಧ ಗಂಟೆ ಕೂತರೂ ಏನೂ ಆಗದು, ನಲವತ್ತು ವರ್ಷ ಹೊಗೆ ಬಿಟ್ಟೇ ಹೊಟ್ಟೆ ಸಡಿಲವಾಗಿದ್ದದ್ದು. ಸೇದುವಾಗ ಇಲ್ಲದ ಕೆಮ್ಮು ಬಿಟ್ಟ ಮೇಲೆ ಬಂತು. ಕೆಮ್ಮಿದರೆ ಮೊಳೆ ಗಂಟಲಿಗೆ ಹೋದೀತು ಎಂದು ಒಂದೆರಡೇ ಇಟ್ಟುಕೊಂಡು ಹೊಡೆಯುವ ಗತಿ ಬಂತು. ಸೂಜಿ ಮೆತ್ತನೆಯ ಮನುಷ್ಯ. ಅವನೂ ಒಂದು ದಿನ ದಾರ ತುಂಡಾಯಿತು ಎಂದು ಕತ್ತರಿಯನ್ನು ಗೋಡೆಗೆ ಎಸೆದ.

ಇಬ್ಬರ ನಡುವೆ ಒಂದು ಕಟ್ಟುಪಾಡು ಆಗಿತ್ತು. ಯಾರಿಗೆ ಸೇದಬೇಕು ಅನ್ನಿಸಿದರೂ "ಬಂತು" ಎಂದು ಕೂಗಬೇಕು. ಕೇಳಿದವನು ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು. ಮೂಲೆಯಲ್ಲಿ ಮುರಿದ ಕುರ್ಚಿಯ ಚೌಕಟ್ಟೊಂದಿತ್ತು. ಅದರ ಎರಡು ಬದಿಗೆ ಕೂತು, ಆ ಆಸೆ ಹೋಗುವ ತನಕ ಸವೆದ ಮೊಳೆ ಹೊಡೆಯುತ್ತ ಕೂರುವುದು. ಐದು ನಿಮಿಷ, ಕೆಲವೊಮ್ಮೆ ಹತ್ತು.

"ಭಾವಾ, ಬಂತು."

"ಬಂದೆ ಇರು."

"ಬೇಗ ಬಾ, ಈ ಸಲ ಜೋರಾಗಿದೆ."

ಗಿರಾಕಿ ಎದುರಿಗಿದ್ದರೂ ಮೇಸ್ತ್ರಿ ಎದ್ದು ಹೋಗುತ್ತಿದ್ದ. ಒಬ್ಬರು ಸಿಟ್ಟಾಗಿ ಕುರ್ಚಿ ವಾಪಸ್ ಹೊತ್ತುಕೊಂಡು ಹೋದದ್ದೂ ಆಯಿತು. ಇನ್ನು ಮೇಸ್ತ್ರಿಗೆ ಬಂದಾಗ ಸೂಜಿ ಬ್ಯಾಂಡೇಜು ಕಾಲನ್ನು ಎಳೆದುಕೊಂಡು ಬಂದು ಕೂರುತ್ತಿದ್ದ. "ಹೊಡಿ ಭಾವ, ಇದು ಡಾಕ್ಟರಮ್ಮನ ತಲೆ ಅಂದ್ಕೊ" ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು. ಅಷ್ಟು ವರ್ಷ ಒಂದೇ ಅಂಗಡಿಯಲ್ಲಿದ್ದರೂ ಅಷ್ಟು ಹತ್ತಿರ ಅವರು ಎಂದೂ ಕೂತಿರಲಿಲ್ಲ.

ಹತ್ತನೇ ದಿನದಿಂದ ಸೂಜಿ ಕೂಗುವುದನ್ನು ನಿಲ್ಲಿಸಿದ.

ಗೆದ್ದ ಎಂದುಕೊಂಡ ಮೇಸ್ತ್ರಿ. ಮನೆಗೆ ಹೋಗಿ ಹೆಂಡತಿಗೆ ಹೇಳಿದ, "ನಿನ್ನ ತಮ್ಮ ಗಟ್ಟಿ ಆಳು ಕಣೇ. ನನಗಿನ್ನೂ ದಿನಕ್ಕೆ ಆರು ಸಲ ಬರುತ್ತೆ, ಅವನಿಗೆ ಒಂದೂ ಇಲ್ಲ." ಅವಳು ಆವತ್ತು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಇಪ್ಪತ್ತನೇ ದಿನದ ಹೊತ್ತಿಗೆ ಮೇಸ್ತ್ರಿಗೆ ಮೂಗು ವಾಪಸ್ ಬಂತು. ಫೋಮಿನ ವಾಸನೆ, ರೆಕ್ಸಿನ್ನಿನ ವಾಸನೆ, ಅಂಟಿನ ವಾಸನೆ, ಎಲ್ಲ ಬೇರೆ ಬೇರೆಯಾಗಿ ತಿಳಿಯತೊಡಗಿತು. ಒಂದು ಮಧ್ಯಾಹ್ನ ಗಿರಾಕಿಯ ಮನೆಯಲ್ಲಿ ಅಳತೆ ತೆಗೆದುಕೊಂಡು ಬಂದವನಿಗೆ ಸೂಜಿಯ ಅಂಗಿಯಿಂದ ಹೊಗೆಯ ವಾಸನೆ ಬಡಿಯಿತು.

"ಏನೋ ಇದು ವಾಸನೆ?"

ಸೂಜಿ ತಲೆ ಎತ್ತದೆ ಮಿಷಿನ್ ತುಳಿಯುತ್ತಲೇ ಇದ್ದ. "ಆ ವಕೀಲರ ಕುರ್ಚಿ ಬಿಚ್ಚಿದೆ ಭಾವ. ಅವರು ಸೇದಿದ್ದೆಲ್ಲಾ ಹತ್ತೀಲೇ ಕೂತಿದೆ. ನೀನೇ ಮೂಸಿ ನೋಡು."

ಮೇಸ್ತ್ರಿ ಮೂಸಿದ. ಹೌದು, ಹಳೆಯ ಹತ್ತಿ ನಾರುತ್ತಿತ್ತು. ಆದರೂ ಮನಸ್ಸು ತಡೆಯದೆ ಸೋಫಾದ ಹತ್ತಿರ ಹೋಗಿ ಕೂತು ಮೊಳೆ ಸವರಿದ, ಒಂದೊಂದನ್ನೂ ಎಣಿಸಿ ಸವರಿದ. ಒಂದೂ ಅಲುಗಿಲ್ಲ. ತಲೆಯ ಹೊಳಪು ಕೂಡ ಕೆಟ್ಟಿಲ್ಲ. ಅವನಿಗೆ ನಾಚಿಕೆಯಾಯಿತು.

"ತಪ್ಪಾಯ್ತು ಕಣೋ. ನಿನ್ನ ಮೇಲೆ ಅನುಮಾನ ಪಟ್ಟೆ."

"ಇರಲಿ ಬಿಡು ಭಾವ" ಎಂದ ಸೂಜಿ. ಮಿಷಿನ್ ಒಂದು ಕ್ಷಣವೂ ನಿಲ್ಲಲಿಲ್ಲ.

ಮೂವತ್ತೊಂದನೇ ದಿನ ಸೂಜಿಯ ಮೂರನೇ ಬೆರಳು ಕಪ್ಪಾಯಿತು. ಮೂವತ್ತಮೂರಕ್ಕೆ ಕಪ್ಪು ಪಾದದ ಮೇಲಕ್ಕೆ ಹತ್ತಿತ್ತು, ಹತ್ತಿರ ಹೋದರೆ ಕೊಳೆತ ವಾಸನೆ. ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿ ಸೂಜಿಯನ್ನೇನೂ ಕೇಳಲಿಲ್ಲ. ಹೊರಗೆ ಬಂದು ಮೇಸ್ತ್ರಿಯನ್ನು ಕೇಳಿದರು, "ಬಿಟ್ಟಿಲ್ಲ ಅಲ್ವಾ?"

ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿತು. "ಮೂವತ್ತಮೂರು ದಿನ ಆಯ್ತು ಡಾಕ್ಟ್ರೇ. ಪಕ್ಕದಲ್ಲೇ ಕೂತಿದ್ದೀನಿ, ನಾನೇ ಸಾಕ್ಷಿ."

ಅವರು ಜಗಳಕ್ಕೆ ಬರಲಿಲ್ಲ. ಪರೀಕ್ಷೆಯ ಕಾಗದ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಮೊನ್ನೆ ಮೊನ್ನೆ ಸೇದಿದಾರೆ. ರಕ್ತ ಸುಳ್ಳು ಹೇಳಲ್ಲ." ಮೇಸ್ತ್ರಿಗೆ ಆ ಸಾಲು ಓದಲು ಬರಲಿಲ್ಲ. ಓದಿದವನಂತೆ ತಲೆಯಾಡಿಸಿದ.

ಮೊಣಕಾಲಿನ ಕೆಳಗೆ ತೆಗೆದರು.

ಮಾರನೇ ದಿನ ಬೆಳಿಗ್ಗೆ ಮೇಸ್ತ್ರಿ ಒಬ್ಬನೇ ಅಂಗಡಿಯ ಬಾಗಿಲು ತೆಗೆದ. ರೂಢಿಯಂತೆ ಹೆಬ್ಬೆರಳು ಮೊಳೆಗಳ ಮೇಲೆ ಹೋಯಿತು. ಇಪ್ಪತ್ತೆರಡೂ ಭದ್ರ. ಆಗ ಉಳಿ ತಂದು ಕೂತು ಒಂದೊಂದನ್ನಾಗಿ ಕಿತ್ತ. ಹತ್ತಿ ಸರಿಸಿ ಕೈ ಹಾಕಿದ. ಎರಡು ಪ್ಯಾಕೆಟ್ ಸಿಕ್ಕವು. ಸೂಜಿಯದು ಖಾಲಿ. ತನ್ನದನ್ನು ಬಿಚ್ಚಿ ಎಣಿಸಿದ. ಹನ್ನೊಂದೂ ಇದ್ದವು.

ಮೊಳೆ ಕೀಳದೆ ಒಳಗೆ ಕೈ ಹೋದದ್ದು ಹೇಗೆ? ಸೋಫಾವನ್ನು ಗೋಡೆಯಿಂದ ಎಳೆದು ಹಿಂದೆ ಹೋಗಿ ನೋಡಿದ. ಸೋಫಾ ಕೈಯ ಹಿಂಭಾಗದ ಅಂಚು ಸೂಜಿಯ ಕೆಲಸ. ಬಾಗಿದ ಸೂಜಿಯಲ್ಲಿ ದಾರ ಕಾಣದ ಹಾಗೆ ಹಾಕುವ ಹೊಲಿಗೆ. ಹೊರಗಿನಿಂದ ಏನೂ ಕಾಣದು. ಮೇಸ್ತ್ರಿ ಬಟ್ಟೆಯನ್ನು ಒಳಗಿನಿಂದ ಮಡಚಿ ನೋಡಿದ. ಅಂಚು ಎಳೆ ಎಳೆಯಾಗಿತ್ತು. ಅದೇ ತೂತುಗಳಲ್ಲಿ ಬಿಚ್ಚಿ, ಹೊಲಿದು, ಬಿಚ್ಚಿ, ಮತ್ತೆ ಹೊಲಿದು ತೂತುಗಳು ಹಿರಿದಾಗಿದ್ದವು. ಒಂಬತ್ತು ಸಲ. ಮೂವತ್ತಮೂರು ದಿನ ಹೆಬ್ಬೆರಳು ತನ್ನ ಮೊಳೆಯನ್ನೇ ಸವರಿತ್ತು. ಹೊಲಿಗೆ ಸೂಜಿಯದು, ಅದನ್ನು ನೋಡುವುದು ಏನಿದೆ ಎಂದು ಇಷ್ಟು ವರ್ಷದಲ್ಲಿ ಅವನು ಒಂದು ದಿನವೂ ಹೊಲಿಗೆ ಪರೀಕ್ಷಿಸಿದವನಲ್ಲ.

ಅವನು ನೆಲದ ಮೇಲೆ ಕೂತುಬಿಟ್ಟ. ಸಿಟ್ಟು ಬರುತ್ತದೆ ಎಂದು ಕಾದ, ಬರಲಿಲ್ಲ. ಬಂದದ್ದು ಸೇದಬೇಕೆಂಬ ಆಸೆ. ಕಾಲು ಕಳೆದುಕೊಂಡವನು ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ, ಇಲ್ಲಿ ತನ್ನ ಬಾಯಲ್ಲಿ ನೀರೂರುತ್ತಿದೆ. ಥೂ, ಇದೂ ಒಂದು ಜನ್ಮವೇ ಎನ್ನಿಸಿತು. ಹನ್ನೊಂದರಲ್ಲಿ ಒಂದು ಆಗಲೇ ತುಟಿಯಲ್ಲಿತ್ತು. ಬಿಸಿಲು ಬೀದಿಯಿಂದ ಒಳಗೆ ಬಂದು ಕುರ್ಚಿಯ ಚೌಕಟ್ಟಿನ ಮೇಲೆ ಬಿದ್ದಿತ್ತು, ಮೊಳೆ ಹೊಡೆಯಲು ಬೆರಳಗಲ ಜಾಗ ಉಳಿದಿರಲಿಲ್ಲ.

"ಬಂತು ಕಣೋ" ಎಂದು ಕೂಗಿದ, ಗಟ್ಟಿಯಾಗಿಯೇ.

ಎದುರು ಅಂಗಡಿಯ ಗಾಜಿನವನು ತಿರುಗಿ ನೋಡಿದ. ಬೇರಾರೂ ಬರಲಿಲ್ಲ. ಮೇಸ್ತ್ರಿ ತುಟಿಯಲ್ಲಿದ್ದದ್ದನ್ನು ಪುಡಿ ಮಾಡಿದ. ಉಳಿದ ಹತ್ತನ್ನೂ ಅಂಟಿನ ಡಬ್ಬಿಯೊಳಗೆ ಹಾಕಿ ಕೋಲಿನಿಂದ ಕಲಸಿದ. ಆಮೇಲೆ ಮನೆಗೆ ಹೋಗಿ ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದ. ತಮ್ಮನಿಗೆ ಊಟದ ಡಬ್ಬಿ ಕಟ್ಟಿ ಅವನ ಕೈಗೆ ಕೊಟ್ಟು ಒಳಗೆ ಹೋದಳು.

ಸೂಜಿ ಎಚ್ಚರವಾಗಿದ್ದ. ಹೊದಿಕೆ ಎಡಗಡೆ ಉದ್ದಕ್ಕೂ ಉಬ್ಬಿ, ಬಲಗಡೆ ನಡುವೆಯೇ ಚಪ್ಪಟೆಯಾಗಿತ್ತು. ಭಾವನ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು.

"ಬಿಚ್ಚಿದ್ಯಾ?"

"ಹ್ಞೂಂ."

"ನಿಂದು ಮುಟ್ಟಿಲ್ಲ ಭಾವ."

"ಎಣಿಸ್ದೆ. ಹನ್ನೊಂದೂ ಇತ್ತು."

ಪಕ್ಕದ ಮಂಚದವನಿಗೆ ನರ್ಸು ಇಂಜೆಕ್ಷನ್ ಕೊಟ್ಟು ಹೋದಳು. ಬೈಯಬಾರದು ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದಿದ್ದ ಮೇಸ್ತ್ರಿ. ಆದರೂ ಒಂದು ಮಾತು ಅವನ ಹಿಡಿತಕ್ಕೆ ಸಿಗದೆ ಹೊರಗೆ ಬಂತು.

"ಕೂಗಬಾರದಿತ್ತೇನೋ? ಒಂದು ಸಲ ಕೂಗಿದ್ರೆ ನಾನು ಬರ್ತಿರಲಿಲ್ವಾ?"

ಸೂಜಿ ಗೋಡೆಯ ಕಡೆ ಮುಖ ತಿರುಗಿಸಿದ.

"ನೀನು ಬರ್ತಿದ್ದೆ ಭಾವ. ಅದಕ್ಕೇ ಕೂಗಲಿಲ್ಲ."

ಮೇಸ್ತ್ರಿ ಊಟದ ಡಬ್ಬಿಯನ್ನು ಮಂಚದ ಕೆಳಗಿಟ್ಟ. ಸ್ಟೂಲು ಎಳೆದುಕೊಂಡು ಹೊದಿಕೆ ಚಪ್ಪಟೆಯಾಗಿದ್ದ ಕಡೆಯೇ ಕೂತ. ಸ್ವಲ್ಪ ಹೊತ್ತಾದ ಮೇಲೆ ಸೂಜಿ ಗೋಡೆಯನ್ನೇ ನೋಡುತ್ತ, ಕೇಳಿಸಿಯೂ ಕೇಳಿಸದ ಹಾಗೆ, "ಬಂತು ಭಾವ" ಎಂದ. ಮೇಸ್ತ್ರಿ ಅವನ ಕೈ ಹಿಡಿದುಕೊಂಡ. ಹೊಡೆಯಲು ಅಲ್ಲಿ ಮೊಳೆ ಇರಲಿಲ್ಲ, ಇಬ್ಬರೂ ಸುಮ್ಮನೆ ಕೂತು ಅದು ಹೋಗುವುದನ್ನು ಕಾದರು.