ಅಮ್ಮನ ಬೆಟ್ಟ, ಹೊಸ ಬೂಟು

ಹಿಮಾಲಯಕ್ಕೆ ಹೋಗುತ್ತೇನೆಂದು ಮೊದಲು ಹೇಳಿದ್ದು ಅತ್ತೆಗೆ. ಐವತ್ತೆರಡನೇ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ಬೈದಾರು ಅಂದುಕೊಂಡಿದ್ದೆ. ಅವರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, "ಸ್ವೆಟರ್ ಒಂದಲ್ಲ, ಎರಡು ಇಟ್ಕೋ" ಅಂದರು, ಅಷ್ಟೇ.

ಬಸ್ ಸ್ಟ್ಯಾಂಡಿನಂತೆ ಜನ ತುಂಬಿದ ದಾರಿ ನನಗೆ ಬೇಡವಾಗಿತ್ತು. ವರ್ಷವಿಡೀ ಹೈಸ್ಕೂಲು ಮಕ್ಕಳ ಗದ್ದಲದಲ್ಲಿರುವವಳಿಗೆ ರಜೆಯಲ್ಲಾದರೂ ಕಿವಿಗೆ ಬಿಡುವು ಬೇಡವೇ? ಹುಡುಕಿ ಹುಡುಕಿ ಉತ್ತರಾಖಂಡದ ಒಬ್ಬ ಗೈಡ್ ಸಿಕ್ಕ. ಐದು ದಿನದ ನಡಿಗೆ, ತೀರಾ ಸುಲಭವಲ್ಲ, ಪ್ರಾಣ ಹಿಂಡುವಂಥದ್ದೂ ಅಲ್ಲ, ಆ ಕಡೆ ಬರುವವರು ಕಡಿಮೆ ಎಂದ. ಅವನು ಕಳಿಸಿದ ವಿಡಿಯೋವನ್ನು ಸ್ಟಾಫ್ ರೂಮಿನಲ್ಲಿ ಕೂತು ನೋಡಿದೆ. ಪರ್ವತದ ಬೆನ್ನ ಮೇಲೆ ಒಂದೇ ಕಾಲುದಾರಿ. ಎರಡೂ ಕಡೆ ಇಳಿಜಾರು, ಅದರ ಕೆಳಗೆ ಮೋಡ. ಎದುರಿಗೆ ಹಿಮದ ಸಾಲು, ಮುಗಿಯುವುದೇ ಇಲ್ಲ. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ನನಗೆ ಭಯವಾಯಿತು, ಕಣ್ಣಲ್ಲಿ ನೀರೂ ಬಂತು. ಇಂಥದ್ದನ್ನು ಇಪ್ಪತ್ತೈದು ವರ್ಷ ಭೂಗೋಳದ ಪಾಠದಲ್ಲಿ ಬೋರ್ಡಿನ ಮೇಲೆ ಒಂದು ಸೀಮೆಸುಣ್ಣದ ಗೆರೆಯಲ್ಲಿ ಮುಗಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಹೇಗಾದರೂ ಅಲ್ಲಿ ಒಮ್ಮೆ ನಿಲ್ಲಲೇಬೇಕು ಅನಿಸಿತು.

ಗೈಡ್ ಷರತ್ತು ಹಾಕಿದ್ದ. ಹೊಸ ಬೂಟು ಕೊಂಡು, ಬೆನ್ನಿಗೆ ಭಾರದ ಚೀಲ ಹಾಕಿ, ಈಗಿನಿಂದಲೇ ಏರು ಹತ್ತಿ ರೂಢಿಯಾಗಬೇಕು. ಕಾಲಿಗೆ ಬೊಬ್ಬೆ ಎದ್ದವರನ್ನು ಎರಡನೇ ದಿನವೇ ಕೆಳಗೆ ಕಳಿಸಿಬಿಡುತ್ತಾನೆ. ಹರಪನಹಳ್ಳಿಯ ನಮಗೆ ಏರು ಎಂದರೆ ಉಚ್ಚಂಗಿದುರ್ಗ, ಅಮ್ಮನ ಗುಡಿಯಿರುವ ಬೆಟ್ಟ. ಭಾನುವಾರ ತಪ್ಪದೆ ಹೋದೆ.

ತಿಂಗಳ ಮೇಲೆ ಅವನು ಫೋನ್ ಮಾಡಿ, ಬೂಟು ಕಾಲಿಗೆ ಹೊಂದಿದವೇ ಎಂದು ಕೇಳಿದ. ಒಂಚೂರೂ ಸವೆದಿಲ್ಲ, ಹೊಸದರಂತೆಯೇ ಇವೆ ಎಂದೆ, ಹೆಮ್ಮೆಯಿಂದ. ಹಾಗಾದರೆ ಬೆಟ್ಟ ಹತ್ತಿದ್ದು ಹೇಗೆ ಎಂದ. ಅಮ್ಮನ ಬೆಟ್ಟವನ್ನು ಮೆಟ್ಟು ಹಾಕಿಕೊಂಡು ಹತ್ತುವುದು ನಮ್ಮ ಮನೆಯಲ್ಲಿಲ್ಲ. ಬುಡದಲ್ಲೇ ಬೂಟು ಬಿಚ್ಚಿ, ಯಾರಾದರೂ ಎತ್ತಿಕೊಂಡು ಹೋದಾರೆಂದು ಚೀಲಕ್ಕೆ ತುಂಬಿ, ನಾಲ್ಕು ಭಾನುವಾರವೂ ಅವನ್ನು ಹೊತ್ತು ಬರಿಗಾಲಲ್ಲಿ ಹತ್ತಿಳಿದಿದ್ದೆ. ಚೀಲಕ್ಕೆ ಭಾರವೂ ಆಯಿತೆಂದು ಖುಷಿ ಬೇರೆ! ಮಕ್ಕಳಿಗೆ ಪಾಠ ಹೇಳುವ ಬುದ್ಧಿ ಇದು. ಹೀಗೆಯೇ ಬಂದರೆ ಆ ದಾರಿ ನೋಡದೆ ವಾಪಸ್ಸಾಗುತ್ತೀರಿ ಎಂದ ಗೈಡ್. ಹೊರಡಲು ಇಪ್ಪತ್ತು ದಿನವಿತ್ತು.

ಕೆರೆಯ ಏರಿಯ ಮೇಲೆ ಬೂಟು ಹಾಕಿ ನಡೆದು ನೋಡಿದೆ. ಸಪಾಟು ನೆಲ, ಏನು ಪ್ರಯೋಜನ? ಟಿಕೆಟ್ ರದ್ದು ಮಾಡುತ್ತೇನೆಂದು ಅತ್ತೆಯೆದುರು ಅತ್ತೇಬಿಟ್ಟೆ.  ಭಾನುವಾರ ಬೆಳಿಗ್ಗೆ ಅವರು ಸೆರಗು ಹೊದ್ದು ನನ್ನ ಜೊತೆ ದುರ್ಗದ ಬಸ್ಸು ಹತ್ತಿದರು.

ಮೆಟ್ಟಿಲ ಬುಡದಲ್ಲಿ ನಾನು ಲೇಸು ಬಿಚ್ಚಲು ಬಗ್ಗಿದೆ.

"ಇರ್ಲಿ ಬಿಡು, ಹಾಕ್ಕೊಂಡ ಹತ್ತು."

"ಅತ್ತಿ, ಅಮ್ಮಗ ಸಿಟ್ಟು ಬರಂಗಿಲ್ಲೇನ್ರಿ?"

"ನೀ ಹೊಂಟಿದ್ದು ಎಲ್ಲಿಗಿ? ಆಕಿ ತವರಮನಿಗಿ. ಹಿಮವಂತನ ಮಗಳು ಅಲ್ಲೇನು ಆಕಿ? ತನ್ನ ತವರಿಗಿ ಹೋಗಾಕಿ ಕಾಲು ನೋಯಿಸ್ಕೊಳ್ಳಲಿ ಅಂತಾಳೇನು?"

 ಆ ಪರ್ವತದ ಎತ್ತರ, ಉದ್ದ, ವಯಸ್ಸು ಎಲ್ಲ ನನಗೆ ಬಾಯಿಪಾಠ. ಅದು ನಮ್ಮ ಅಮ್ಮನ ತವರೆಂದು ಒಮ್ಮೆಯೂ ಹೊಳೆದಿರಲಿಲ್ಲ. ನಾನು ಮೇಲೆ ನೋಡುತ್ತ ನಿಂತೇ ಇದ್ದೆ. ಅತ್ತೆ ತಮ್ಮ ಚಪ್ಪಲಿ ಬಿಟ್ಟು, ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಅಲ್ಲಿ ಹೋಗಿ ಏನೂ ಬೇಡಬ್ಯಾಡ ಮತ್ತ. ಮುದುಕ ಒಬ್ಬನ ಕುಂತಿರ್ತಾನ. ನಿನ್ನ ಮಗಳು ನಮ್ಮ ಕಡಿ ಆರಾಮ ಅದಾಳ ಅಂತ ಹೇಳಿ ಬಾ."