ಸುತ್ತ ಒಂದು ಬೆರಳು ಜಾಸ್ತಿ

ನಮ್ಮ ಮಾವ ಮಲಕಾಜಪ್ಪನವರದು ಸೋಲಾಪುರದಲ್ಲಿ ಬಟ್ಟೆ ಅಂಗಡಿ. ಅಳೆದ ಬಟ್ಟೆಯ ಮೇಲೆ ಒಂದು ಬೆರಳು ಕೊಸರು ಬಿಡುವುದು, ಬಿಟ್ಟದ್ದನ್ನು ಇಡೀ ಅಂಗಡಿಗೆ ಕೇಳುವಂತೆ ಸಾರುವುದು ಅವರ ಪದ್ಧತಿ. ಪೇಟೆಯವರು ಅದನ್ನು ದೊಡ್ಡ ಮನಸ್ಸು ಎನ್ನುತ್ತಾರೆ. ಹೆಂಡತಿ ಎದೆಯ ಗಂಟು ತೋರಿಸಿದಾಗ, "ಲಗ್ನದ ಸೀಜನ್ ಮುಗೀಲಿ, ನೋಡೂಣು" ಎಂದ ಮನಸ್ಸು ಅದು.

೧೯೯೭ರಲ್ಲಿ ಅತ್ತೆ ಕಸ್ತೂರಬಾಯಿಯವರ ಗಂಟು ತೆಗೆಸಿ, ಕರೆಂಟ್, ಅಂದರೆ ಕ್ಯಾನ್ಸರಿನ ಕಿರಣ ಚಿಕಿತ್ಸೆ, ಕೊಡಿಸತೊಡಗಿದೆವು. ಆಸ್ಪತ್ರೆಯಲ್ಲಿ ಕಿರಣದ ಲೆಕ್ಕ ಹಾಕುವವನು ನನ್ನ ಅಣ್ಣನ ಗೆಳೆಯ ಆಶಿಷ. ಶ್ವಾಸಕೋಶದ ಯಾವ ಭಾಗಕ್ಕೆ ಎಷ್ಟು ಕಿರಣ ಬಿದ್ದರೆ ಎಷ್ಟು ಕೆಡುತ್ತದೆ ಎಂದು ಸ್ಕ್ಯಾನ್ ಚಿತ್ರಗಳಿಂದ ಅಂದಾಜು ಮಾಡುವುದು ಅವನ ಅಧ್ಯಯನ. ಎದೆಗೂಡಿನ ಹಿಂದೆಯೇ ಒಳ್ಳೆಯ ಶ್ವಾಸಕೋಶ. ಕಿರಣ ಅದರ ಅಂಚನ್ನಷ್ಟೇ ಸವರಬೇಕು, ಹೆಚ್ಚಾದರೆ ಶ್ವಾಸಕೋಶ ಗಟ್ಟಿಯಾಗಿ ಉಸಿರಿಗೆ ಉಪಯೋಗವಿಲ್ಲ ಎಂದು ತೋರಿಸಿದ. ಕಿರಣ ಬೀಳಬೇಕಾದಷ್ಟು ಜಾಗಕ್ಕೆ ಚರ್ಮದ ಮೇಲೆ ನೇರಳೆ ಮಸಿಯಲ್ಲಿ ಚೌಕ ಬರೆದು, ಅಳಿಸಬಾರದು ಎಂದ.

"ಕೊಡೂದು ಕೊಡಾಕತ್ತೀರಿ, ಇನ್ನೊಂದೀಟು ಜಾಸ್ತಿ ಕೊಡ್ರಲ್ಲ," ಎಂದರು ಮಾವ.

"ಇದು ಲಂಗದ ಅರಿವಿ ಅಲ್ರಿ ಕಾಕಾ."

ಮಾವ ನಕ್ಕರು. ತಿಳಿಯದ್ದಕ್ಕೆಲ್ಲ ಅವರು ನಗುತ್ತಾರೆ.

ಚಿಕಿತ್ಸೆ ಮುಗಿದ ಕೆಲವು ತಿಂಗಳಿಗೆ ಅತ್ತೆಗೆ ಒಣಕೆಮ್ಮು. ನನ್ನ ಮಗಳು ಪ್ರಣಿತಾಳನ್ನು ಎತ್ತಿಕೊಂಡರೆ ಏದುಸಿರು. ಕೂಸಿಗೆ ಅಂಟುವ ಕೆಮ್ಮೇನೋ ಎಂದು ನನಗೆ ಊಟ ಸೇರಲಿಲ್ಲ. ಮತ್ತೆ ಸ್ಕ್ಯಾನ್ ಮಾಡಿಸಿದೆವು. ಆಶಿಷ ಹಳೆಯ ಚಿತ್ರದ ಮೇಲೆ ಹೊಸದನ್ನು ಕೂಡಿಸಿ ನೋಡಿದ. ಅವನು ಅಂದಾಜು ಮಾಡಿದ್ದ ಅಂಚನ್ನು ದಾಟಿ ಬಿಳಿ ಕಲೆ ಒಳಗೆ ಹೋಗಿತ್ತು. ಅದರ ಕೊನೆ ಪಟ್ಟಿಯಿಟ್ಟು ಕೊಯ್ದಷ್ಟು ನೇರ.

"ರೋಗ ಹಿಂಗ ಸೀದಾ ಗೆರಿ ಹೊಡ್ಯಂಗಿಲ್ಲ. ಮಸಿ ಅಳಸಿತ್ತೇನ್ರಿ ಕಾಕೂ?"

ಅತ್ತೆ ಗಂಡನ ಮುಖ ನೋಡಿದರು.

"ದಿವಾಳಿಗೆ ಅಕ್ಕಲಕೋಟಕ್ಕ ಹೋಗಿದ್ವಿ," ಎಂದರು ಮಾವ. "ಎಣ್ಣಿ ಸ್ನಾನದಾಗ ಹೋತು. ಅಂಗಡಿ ಪೆನ್ನಿಲೆ ನಾನಽ ಬರದೆ. ಸುತ್ತ ಒಂದ ಬೆರಳ ಜಾಸ್ತೀನಽ ಹಾಕೀನಿ, ಕಡಿಮಿ ಮಾಡಿಲ್ಲ."

ಆ ಹಬ್ಬಕ್ಕೆ ನಾನು ವಿಜಾಪುರ ರಸ್ತೆಯ ತವರಿನಲ್ಲಿದ್ದೆ. ಚಿಕಿತ್ಸೆಯ ಉಳಿದ ದಿನಗಳಲ್ಲೆಲ್ಲ ಕಿರಣದ ಯಂತ್ರದವನು ಆ ಗೆರೆಯಷ್ಟೇ ಕಿಂಡಿ ತೆರೆದಿದ್ದ. ಆಶಿಷ ಬರೆದಿಟ್ಟ ಅಳತೆಯ ಕಾಗದ ನೋಡದ ಅವನೂ ಮಾವನ ಜಾತಕದವನೇ.

"ಕೆಮ್ಮಿಗೆ ಔಷಧ ಅದಾವ," ಎಂದ ಆಶಿಷ. "ಗಟ್ಟಿ ಆಗಿದ್ದು ತಿರಗಿ ಮೆತ್ತಗ ಆಗಂಗಿಲ್ಲ."

"ಇರಲಿ ಬಿಡ್ರಿ. ಜಾಸ್ತಿ ಕೊಟ್ಟದ್ದು ರೋಗದ ಬೇರಿಗೂ ಬಿದ್ದಿರ್ತದಲ್ಲ," ಎಂದರು ಮಾವ.

ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಮಾವ ಮುಂದೆ ನಡೆದರು. ಅತ್ತೆ ಅರ್ಧಕ್ಕೇ ಕಟಾಂಜನ ಹಿಡಿದು ನಿಂತರು.

"ಲಗೂ ಬಾ, ಗಿರಾಕಿ ಬರೂ ಹೊತ್ತು," ಎಂದರು ಮಾವ ಕೆಳಗಿನಿಂದ.

ಅತ್ತೆ ಮೆಟ್ಟಿಲ ಮೇಲೆ ಕೂತರು. "ನೀವು ಹೋಗ್ರಿ. ನಾ ಸೊಸಿ ಕೂಡ ಬರ್ತೀನಿ, ಉಸಿರ ಬಂದಾಗ."

ಮಾವ ಅಂಗಡಿಗೆ ಹೋಗಿಯೇಬಿಟ್ಟರು.